ಆಫೀಸ್ ಸಾಫ್ಟ್‌ವೇರ್: ದುಡ್ಡು ಕೊಡಬೇಕೇ, ಉಚಿತವಾದದ್ದೇ ಸಾಕೇ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಆಗಾಗ ಓಡಾಡುತ್ತಿರುತ್ತವೆ. ಮೊದಲನೆಯದು ಹೆದರಿಸುತ್ತದೆ: ‘ಉಚಿತ ಆಫೀಸ್ ಸಾಫ್ಟ್‌ವೇರ್ ಹಾಕಿಕೊಂಡರೆ ಕಂಪ್ಯೂಟರಿಗೆ ವೈರಸ್ ಬರುತ್ತದೆ, ಅದರಲ್ಲಿ ಮಾಡಿದ ಫೈಲ್ ಬೇರೆಲ್ಲೂ ತೆರೆಯುವುದಿಲ್ಲ.’ ಎರಡನೆಯದು ಆಸೆ ಹುಟ್ಟಿಸುತ್ತದೆ: ‘ಸಾವಿರಾರು ರೂಪಾಯಿಯ ಆಫೀಸ್ ಈಗ ಬರೀ 299 ರೂಪಾಯಿಗೆ, ಜೀವಮಾನವಿಡೀ! ಕೂಡಲೇ ಈ ಲಿಂಕ್ ಒತ್ತಿ.’

ಮೊದಲ ಸಂದೇಶವನ್ನು ನಂಬಿದವರು ಎರಡನೆಯದರ ಬಲೆಗೆ ಬೀಳುವುದು ಸುಲಭ. ಎರಡರಲ್ಲೂ ಅರ್ಧ ಸತ್ಯವಿದೆ, ಅದಕ್ಕಿಂತ ಹೆಚ್ಚು ಸುಳ್ಳಿದೆ. ಹೊಸ ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿ, ಬಿಲ್ಲು ಬರೆಯುವ ಅಂಗಡಿಯವರು, ಸಂಘದ ವಾರ್ಷಿಕ ವರದಿ ತಯಾರಿಸುವ ಕಾರ್ಯದರ್ಶಿ, ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಉತ್ತರ ಹುಡುಕಲು ಬೆಲೆಪಟ್ಟಿಗಿಂತ ಮೊದಲು ನೋಡಬೇಕಾದದ್ದು ಒಂದಿದೆ: ನೀವು ಮಾಡಿದ ಫೈಲನ್ನು ಇನ್ನು ಯಾರು ತೆರೆಯುತ್ತಾರೆ?

ಆಫೀಸ್ ಸಾಫ್ಟ್‌ವೇರ್ ಎಂದರೆ ಏನೇನು?

ಪತ್ರ, ಅರ್ಜಿ, ವರದಿ ಬರೆಯಲು ಒಂದು ತಂತ್ರಾಂಶ. ಲೆಕ್ಕಪತ್ರಕ್ಕೆ, ಪಟ್ಟಿಗಳಿಗೆ ಚೌಕುಳಿ ಹಾಳೆಯ ಇನ್ನೊಂದು. ಸಭೆಯಲ್ಲಿ ತೋರಿಸುವ ಸ್ಲೈಡುಗಳಿಗೆ ಮತ್ತೊಂದು. ಈ ಮೂರನ್ನೂ ಒಂದು ಕಟ್ಟಿನಲ್ಲಿ ಕೊಡುವುದನ್ನೇ ಆಫೀಸ್ ಸಾಫ್ಟ್‌ವೇರ್ ಎನ್ನುತ್ತೇವೆ.

ಮೈಕ್ರೋಸಾಫ್ಟ್ ಕಂಪನಿಯ ವರ್ಡ್ ಬಂದದ್ದು 1983ರಲ್ಲಿ, ಎಕ್ಸೆಲ್ 1985ರಲ್ಲಿ. ಅವನ್ನು ಒಟ್ಟುಗೂಡಿಸಿದ ‘ಆಫೀಸ್’ ವಿಂಡೋಸ್‌ಗೆ ಬಂದದ್ದು 1990ರಲ್ಲಿ. ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ, ಕಚೇರಿಗಳಲ್ಲಿ ಅದೇ ರೂಢಿಯಾಗಿ, ‘ವರ್ಡ್ ಫೈಲ್ ಕಳಿಸಿ’ ಎನ್ನುವುದು ‘ಬರಹ ಕಳಿಸಿ’ ಎನ್ನುವುದಕ್ಕೆ ಪರ್ಯಾಯವೇ ಆಯಿತು.

ಉಚಿತ ತಂತ್ರಾಂಶಗಳ ಕಥೆಯೂ ಹೊಸದಲ್ಲ. ಜರ್ಮನಿಯ ಒಂದು ಕಂಪನಿ ಮಾಡಿದ್ದ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡುಕೊಂಡು, ಮರುವರ್ಷ ಅದರ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್‌ಆಫೀಸ್. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ, 2010ರಲ್ಲಿ ಅದರ ಅಭಿವೃದ್ಧಿಯಲ್ಲಿ ತೊಡಗಿದ್ದ ಹಲವರು ಹೊರಬಂದು ‘ದ ಡಾಕ್ಯುಮೆಂಟ್ ಫೌಂಡೇಶನ್’ ಕಟ್ಟಿದರು. ಲಿಬ್ರೆಆಫೀಸ್ ಹುಟ್ಟಿದ್ದು ಹೀಗೆ. ಅದರ ಮೊದಲ ಆವೃತ್ತಿ 2011ರ ಜನವರಿಯಲ್ಲಿ ಹೊರಬಂತು. ಅಂದರೆ ಇಂದು ನಿಮ್ಮ ಕೈಗೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ನಿನ್ನೆ ಮೊನ್ನೆ ಯಾರೋ ಮಾಡಿದ ಆ್ಯಪ್ ಅಲ್ಲ. ಅದರ ಬೇರು ನಲವತ್ತು ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ.

‘ಉಚಿತ’ದಲ್ಲಿ ಎಷ್ಟು ಬಗೆ?

ಗೊಂದಲ ಶುರುವಾಗುವುದೇ ಇಲ್ಲಿ. ಉಚಿತ ಎಂಬ ಒಂದೇ ಪದದಡಿ ಮೂರು ಬೇರೆ ಬೇರೆ ಸಂಗತಿಗಳಿವೆ.

ಮೊದಲನೆಯದು, ಮುಕ್ತ ತಂತ್ರಾಂಶ. ಲಿಬ್ರೆಆಫೀಸ್ ಇದಕ್ಕೆ ಉದಾಹರಣೆ. ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ, ಎಷ್ಟು ಕಂಪ್ಯೂಟರಿನಲ್ಲಾದರೂ ಹಾಕಿಕೊಳ್ಳಬಹುದು. ಅವಧಿ ಮುಗಿಯುವುದಿಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಡೌನ್‌ಲೋಡ್ ಮಾಡುವಾಗ ದೇಣಿಗೆ ಕೇಳುವ ಪುಟ ಬರುತ್ತದೆ; ಕೊಡುವುದು, ಬಿಡುವುದು ನಿಮ್ಮಿಷ್ಟ. ಕೆಲವು ಆ್ಯಪ್ ಸ್ಟೋರ್‌ಗಳಲ್ಲಿ ಇದಕ್ಕೆ ಒಂದಿಷ್ಟು ಬೆಲೆ ಇಟ್ಟಿರುವುದೂ ಉಂಟು. ಲಿಬ್ರೆಆಫೀಸ್‌ನ ಸ್ವಂತ ಜಾಲತಾಣದಲ್ಲಿ ಮಾತ್ರ ಅದು ಉಚಿತವೇ.

ಎರಡನೆಯದು, ಕಂಪನಿಗಳು ಕೊಡುವ ಉಚಿತ ಸೇವೆ. ಗೂಗಲ್ ಡಾಕ್ಸ್ ಮತ್ತು ಶೀಟ್ಸ್, ಚೆನ್ನೈ ಮೂಲದ ಝೋಹೊ ಕಂಪನಿಯ ರೈಟರ್ ಮತ್ತು ಶೀಟ್ ಈ ಗುಂಪಿಗೆ ಸೇರುತ್ತವೆ. ಮೈಕ್ರೋಸಾಫ್ಟ್ ಕೂಡ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳ ಸರಳ ರೂಪವನ್ನು ಬ್ರೌಸರ್‌ನಲ್ಲಿ ಉಚಿತವಾಗಿ ಕೊಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ಒಂದು ಮೈಕ್ರೋಸಾಫ್ಟ್ ಖಾತೆ ಇದ್ದರೆ ಸಾಕು. ಫೋನಿನಂಥ ಚಿಕ್ಕ ಪರದೆಯಲ್ಲಿ ಅವುಗಳ ಆ್ಯಪ್‌ನ ಮೂಲ ಸೌಲಭ್ಯಗಳೂ ಉಚಿತ. ಇಲ್ಲಿ ಬೆಲೆ ಬೇರೆ ರೂಪದಲ್ಲಿರುತ್ತದೆ. ಫೈಲುಗಳು ಕಂಪನಿಯ ಸರ್ವರ್‌ನಲ್ಲಿರುತ್ತವೆ, ಜಾಗಕ್ಕೆ ಮಿತಿ ಇರುತ್ತದೆ. ಗೂಗಲ್‌ನಲ್ಲಿ ಈ ಮಿತಿ 15 ಜಿಬಿ. ಅದರಲ್ಲೇ ಜಿಮೇಲ್, ಫೋಟೋಗಳೂ ಪಾಲು ಹಂಚಿಕೊಳ್ಳುತ್ತವೆ. ಮೈಕ್ರೋಸಾಫ್ಟ್‌ನ ಉಚಿತ ಖಾತೆಯಲ್ಲಿ ಒನ್‌ಡ್ರೈವ್ ಜಾಗ 5 ಜಿಬಿ.

ಮೂರನೆಯದು ‘ಕ್ರ್ಯಾಕ್’. ಇದು ಉಚಿತವಲ್ಲ, ಕದ್ದದ್ದು. ಇದರ ವಿಚಾರಕ್ಕೆ ಮುಂದೆ ಬರೋಣ.

ದುಡ್ಡು ಕೊಡುವುದರಲ್ಲೂ ಮೂರು ದಾರಿ

ಚಂದಾ ಕಟ್ಟುವುದು ಒಂದು ದಾರಿ. ಮೈಕ್ರೋಸಾಫ್ಟ್ 365 ಇಂಥದ್ದು. ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಬೇಕು. ಹೊಸ ಸೌಲಭ್ಯಗಳು ಬರುತ್ತಿರುತ್ತವೆ, ಜೊತೆಗೆ ಒಬ್ಬರಿಗೆ 1 ಟಿಬಿ ಒನ್‌ಡ್ರೈವ್ ಜಾಗ ಸಿಗುತ್ತದೆ. ಕುಟುಂಬದ ಚಂದಾ ಪಡೆದರೆ ಆರು ಜನರವರೆಗೆ ಹಂಚಿಕೊಳ್ಳಬಹುದು. ಚಂದಾ ನಿಲ್ಲಿಸಿದರೆ ಏನಾಗುತ್ತದೆ? ಫೈಲುಗಳು ಅಳಿಸಿಹೋಗುವುದಿಲ್ಲ. ಕಂಪ್ಯೂಟರಿನಲ್ಲಿರುವ ವರ್ಡ್, ಎಕ್ಸೆಲ್‌ಗಳಲ್ಲಿ ಅವನ್ನು ತೆರೆದು ಓದಬಹುದು, ಮುದ್ರಿಸಬಹುದು. ತಿದ್ದಲು ಮಾತ್ರ ಬಿಡುವುದಿಲ್ಲ. ಆದರೆ ಒನ್‌ಡ್ರೈವ್‌ನಲ್ಲಿ 5 ಜಿಬಿಗಿಂತ ಹೆಚ್ಚು ತುಂಬಿಸಿಟ್ಟಿದ್ದರೆ ಅದನ್ನು ಬೇಗ ಇಳಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ದಾರಿ, ಒಮ್ಮೆಗೇ ಕೊಳ್ಳುವುದು. ಆಫೀಸ್ 2024 ಹಾಗೆ ಸಿಗುತ್ತದೆ. ಒಂದು ಕಂಪ್ಯೂಟರಿಗೆ ಒಂದು ಪ್ರತಿ, ಪ್ರತಿವರ್ಷ ಹಣವಿಲ್ಲ. ಆದರೆ ‘ಒಮ್ಮೆ ಕೊಂಡರೆ ಜೀವಮಾನವಿಡೀ’ ಎಂಬ ಮಾತು ಪೂರ್ತಿ ನಿಜವಲ್ಲ. ಪ್ರತಿ ಆವೃತ್ತಿಗೂ ಕಂಪನಿ ಭದ್ರತಾ ಅಪ್‌ಡೇಟ್ ಕೊಡುವ ಕೊನೆಯ ದಿನ ಎಂಬುದಿದೆ. ಆಫೀಸ್ 2016 ಮತ್ತು 2019ಕ್ಕೆ ಆ ದಿನ 2025ರ ಅಕ್ಟೋಬರ್ 14ಕ್ಕೆ ಬಂದುಹೋಯಿತು. ಅವು ಇಂದೂ ತೆರೆದುಕೊಳ್ಳುತ್ತವೆ, ಆದರೆ ಹೊಸದಾಗಿ ಕಂಡುಬಂದ ಲೋಪಗಳನ್ನು ಸರಿಪಡಿಸುವ ಮಾಮೂಲಿ ಅಪ್‌ಡೇಟ್ ನಿಂತಿದೆ.

ಮೂರನೆಯದು ಎಷ್ಟೋ ಜನ ಗಮನಿಸದೆ ಬಿಡುವ ದಾರಿ: ಲ್ಯಾಪ್‌ಟಾಪ್ ಜೊತೆಗೇ ಬಂದಿರುವ ಆಫೀಸ್. ನಮ್ಮ ದೇಶದಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳ ಬೆಲೆಯಲ್ಲೇ ಆಫೀಸ್‌ನ ಒಂದು ಪ್ರತಿ ಸೇರಿರುತ್ತದೆ. ಮತ್ತೊಮ್ಮೆ ಹಣ ಕೊಡುವ ಮೊದಲು ಬಿಲ್ಲು, ಡಬ್ಬಿಯ ಮೇಲಿನ ವಿವರ ಓದಿ. ಅದು ಒಂದು ತಿಂಗಳ ಪರೀಕ್ಷಾರ್ಥ ಪ್ರತಿಯೋ, ಪೂರ್ಣ ಪ್ರತಿಯೋ ಎಂಬುದನ್ನೂ ಅಂಗಡಿಯಲ್ಲೇ ಕೇಳಿ. ಪೂರ್ಣ ಪ್ರತಿಯಾದರೆ ನಿಮ್ಮದೇ ಖಾತೆಯಲ್ಲಿ ಸಕ್ರಿಯಗೊಳಿಸಿ. ಅಂಗಡಿಯವರು ತಮ್ಮ ಇಮೇಲ್‌ನಲ್ಲಿ ಮಾಡಿಕೊಟ್ಟರೆ, ಮುಂದೊಂದು ದಿನ ವಿಂಡೋಸ್ ಹೊಸದಾಗಿ ಹಾಕಿಸಿದಾಗ ಆ ಪ್ರತಿ ನಿಮ್ಮ ಕೈಗೆ ಸಿಗದೆ ಹೋಗಬಹುದು.

ನಂಬಿಕೆ 1: ‘ಉಚಿತ ಆಫೀಸ್‌ನ ಫೈಲ್ ವರ್ಡ್‌ನಲ್ಲಿ ತೆರೆಯುವುದಿಲ್ಲ’

ತೆರೆಯುತ್ತದೆ. ಲಿಬ್ರೆಆಫೀಸ್‌ನ ಸ್ವಂತ ಮಾದರಿಯ ಹೆಸರು ಓಪನ್ ಡಾಕ್ಯುಮೆಂಟ್. 2006ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ವರ್ಡ್ 2007ರಿಂದ ಬಳಸುತ್ತಿರುವ ಡಾಕ್‌ಎಕ್ಸ್ ಮಾದರಿಯೂ 2008ರಲ್ಲಿ ಮಾನಕವಾಯಿತು. ಲಿಬ್ರೆಆಫೀಸ್, ಗೂಗಲ್, ಝೋಹೊ ಎಲ್ಲವೂ ಡಾಕ್‌ಎಕ್ಸ್ ಫೈಲನ್ನು ತೆರೆಯುತ್ತವೆ, ತಿದ್ದುತ್ತವೆ, ಅದೇ ಮಾದರಿಯಲ್ಲಿ ಉಳಿಸಿಯೂ ಕೊಡುತ್ತವೆ. ವರ್ಡ್ ಕೂಡ ಓಪನ್ ಡಾಕ್ಯುಮೆಂಟ್ ಫೈಲನ್ನು ತೆರೆಯುತ್ತದೆ.

ಹಾಗಾದರೆ ‘ನನ್ನ ಫೈಲ್ ಅಲ್ಲಿ ತೆರೆದಾಗ ಎಲ್ಲಾ ಕಲಸಿಹೋಗಿತ್ತು’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರು ಕಂಡದ್ದು ನಿಜ. ಅದಕ್ಕೆ ಅನೇಕ ಸಲ ಕಾರಣ ಫಾಂಟ್.

ವರ್ಡ್ ಫೈಲಿನಲ್ಲಿ ಪುಟದ ಚಿತ್ರ ಇರುವುದಿಲ್ಲ. ‘ಈ ಪಠ್ಯವನ್ನು ಕ್ಯಾಲಿಬ್ರಿ ಫಾಂಟ್‌ನಲ್ಲಿ, 11ರ ಗಾತ್ರದಲ್ಲಿ ತೋರಿಸು’ ಎಂಬಂಥ ಸೂಚನೆಗಳಿರುತ್ತವೆ. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಎಂಬುದನ್ನು ತೆರೆದ ಕಂಪ್ಯೂಟರ್ ಆಗ ಲೆಕ್ಕ ಹಾಕುತ್ತದೆ. ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದನ್ನು ಹಾಕಿಕೊಳ್ಳುತ್ತದೆ. ಅದರ ಅಕ್ಷರಗಳು ಕೂದಲೆಳೆಯಷ್ಟು ಅಗಲವಾದರೂ ಸಾಲಿನ ಕೊನೆಯ ಪದ ಕೆಳಗಿಳಿಯುತ್ತದೆ, ಹತ್ತು ಸಾಲಿನ ಪ್ಯಾರಾ ಹನ್ನೊಂದಾಗುತ್ತದೆ, ಒಂದೇ ಪುಟದ ಬಯೋಡೇಟಾ ಎರಡನೆಯ ಪುಟಕ್ಕೆ ಎರಡು ಸಾಲು ಚೆಲ್ಲುತ್ತದೆ. ಫಾಂಟ್ ಬೇರೆಯಾದರೆ ಎರಡು ಕಂಪ್ಯೂಟರಿನ ಎರಡು ವರ್ಡ್‌ಗಳ ನಡುವೆಯೂ ಹೀಗೇ ಆಗುತ್ತದೆ.

ಇದಕ್ಕೊಂದು ಉಪಾಯವನ್ನೂ ತಂತ್ರಾಂಶದವರು ಮಾಡಿದ್ದಾರೆ. ಕ್ಯಾಲಿಬ್ರಿಯ ಅಕ್ಷರಗಳಷ್ಟೇ ಅಗಲವಿರುವ ಕಾರ್ಲಿಟೋ, ಟೈಮ್ಸ್ ನ್ಯೂ ರೋಮನ್‌ಗೆ ಸರಿಹೊಂದುವ ಲಿಬರೇಶನ್ ಸೆರಿಫ್ ಎಂಬ ಉಚಿತ ಫಾಂಟ್‌ಗಳು ಲಿಬ್ರೆಆಫೀಸ್ ಜೊತೆಗೇ ಬರುತ್ತವೆ. ಇವುಗಳಿಂದ ಇಂಗ್ಲಿಷ್ ಬರಹದ ಪುಟಗಳು ಬಹುಮಟ್ಟಿಗೆ ಇದ್ದಲ್ಲೇ ನಿಲ್ಲುತ್ತವೆ.

ರೂಢಿಸಿಕೊಳ್ಳಬೇಕಾದದ್ದು ಇಷ್ಟು: ಎದುರಿನವರು ಓದುವುದಷ್ಟೇ ಆದರೆ ಪಿಡಿಎಫ್ ಮಾಡಿ ಕಳಿಸಿ. ಅವರು ತಿದ್ದಬೇಕಾದರೆ ಮಾತ್ರ ಡಾಕ್‌ಎಕ್ಸ್ ಕಳಿಸಿ. ಕೆಲಸದ ಅರ್ಜಿ, ಮದುವೆ ಕರೆಯೋಲೆ, ಸಭೆಯ ಸೂಚನಾಪತ್ರ ಇವೆಲ್ಲ ಪಿಡಿಎಫ್ ಆಗಿಯೇ ಹೋಗಬೇಕು. ಪಿಡಿಎಫ್‌ನಲ್ಲಿ ಫಾಂಟ್ ಸಾಮಾನ್ಯವಾಗಿ ಫೈಲಿನೊಳಗೇ ಸೇರಿರುತ್ತದೆ; ಯಾರ ಫೋನಿನಲ್ಲಿ ತೆರೆದರೂ ಸಾಲು ಕದಲುವುದಿಲ್ಲ.

ನಂಬಿಕೆ 2: ‘ಉಚಿತವಾದದ್ದರಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ’

ಇದು ತಂತ್ರಾಂಶದ ತಪ್ಪಲ್ಲ, ಹಳೆಯ ಫಾಂಟ್‌ಗಳ ಬಳುವಳಿ. ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳು ಮೊದಲು ಬಂದ ಕಾಲದಲ್ಲಿ ಕಂಪ್ಯೂಟರುಗಳಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ಆಕೃತಿಗಳನ್ನು ಕೂರಿಸಲಾಯಿತು. ಫಾಂಟ್ ಇದ್ದಾಗ ಅದು ಕನ್ನಡ. ಫಾಂಟ್ ಇಲ್ಲದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ದುಬಾರಿ ವರ್ಡ್‌ನಲ್ಲಿ ತೆರೆದರೂ ಆ ಫಾಂಟ್ ಇಲ್ಲದಿದ್ದರೆ ಇದೇ ಗತಿ. ಫೋನಿನಲ್ಲಂತೂ ಹೇಳುವುದೇ ಬೇಡ.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ನೀವು ಫೋನಿನಲ್ಲಿ ಟೈಪ್ ಮಾಡುವ ಕನ್ನಡವೆಲ್ಲ ಯೂನಿಕೋಡ್. ಅದನ್ನು ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಎಲ್ಲದರಲ್ಲೂ ತೊಂದರೆಯಿಲ್ಲದೆ ಬಳಸಬಹುದು. ನುಡಿ, ಬರಹಗಳಲ್ಲೂ ಯೂನಿಕೋಡ್ ಸೌಲಭ್ಯ ಬಂದಿದೆ, ಹಳೆಯ ಫೈಲುಗಳನ್ನು ಪರಿವರ್ತಿಸುವ ಸಾಧನಗಳೂ ಇವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು, ಅಷ್ಟೆ.

ಲಿಬ್ರೆಆಫೀಸ್‌ನಲ್ಲಿ ಕನ್ನಡ ಬರೆಯುವವರು ಎಡವುವ ಜಾಗ ಒಂದಿದೆ. ಅದು ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದ ಗಾತ್ರ ಬದಲಿಸಿದಾಗ ಕನ್ನಡದ್ದು ಬದಲಾಗಲಿಲ್ಲ ಎಂದು ದೂರುವವರು ಈ ವಿಷಯ ತಿಳಿಯದವರು. ಸೆಟ್ಟಿಂಗ್ಸ್‌ನ ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬುದನ್ನು ಗುರುತು ಮಾಡಿ, ಅಲ್ಲಿ ಕನ್ನಡ ಆರಿಸಿದರೆ ಕಿರಿಕಿರಿ ತಪ್ಪುತ್ತದೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎಂಬ ಉಚಿತ ಫಾಂಟ್‌ಗಳನ್ನು ನೀವೂ ನಿಮ್ಮ ಜೊತೆ ಕೆಲಸ ಮಾಡುವವರೂ ಹಾಕಿಕೊಂಡರೆ ಪುಟಗಳು ಎರಡೂ ಕಡೆ ಒಂದೇ ತರಹ ಕಾಣುತ್ತವೆ.

ನಂಬಿಕೆ 3: ‘ಉಚಿತವಾದದ್ದೇ ಸಾಕು, ಹಣ ಕೊಡುವವರು ದಡ್ಡರು’

ಇದೂ ಅಷ್ಟೇ ತಪ್ಪು. ಹಣ ಕೊಡುವುದು ಸರಿಯಾದ ನಿರ್ಧಾರವಾಗುವ ಸಂದರ್ಭಗಳಿವೆ.

ಎಕ್ಸೆಲ್‌ನ ಮ್ಯಾಕ್ರೋ ಅದರಲ್ಲಿ ಮುಖ್ಯವಾದದ್ದು. ಮ್ಯಾಕ್ರೋ ಎಂದರೆ ಹಾಳೆಯೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ. ಒಂದು ಗುಂಡಿ ಒತ್ತಿದರೆ ಸಾಲು ಸಾಲು ಕೆಲಸ ತಾನೇ ಆಗುತ್ತದೆ. ಎಕ್ಸೆಲ್‌ಗಾಗಿ ಬರೆದ ಮ್ಯಾಕ್ರೋಗಳು ಲಿಬ್ರೆಆಫೀಸ್‌ನಲ್ಲಿ ಕೆಲವಷ್ಟೇ ನಡೆಯುತ್ತವೆ, ಗೂಗಲ್ ಶೀಟ್ಸ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ, ಬೇರೆ ರೀತಿ ಬರೆಯಬೇಕು. ನಮ್ಮ ಜಿಎಸ್‌ಟಿ ವಾರ್ಷಿಕ ವಿವರ ಪತ್ರ ಜಿಎಸ್‌ಟಿಆರ್ 9ರ ಆಫ್‌ಲೈನ್ ಸಾಧನ, ಆದಾಯ ತೆರಿಗೆ ವಿವರ ಸಲ್ಲಿಸುವ ಎಕ್ಸೆಲ್ ಯುಟಿಲಿಟಿ ಇವೆಲ್ಲ ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲುಗಳು. ಲೆಕ್ಕಪರಿಶೋಧಕರ ಕಚೇರಿಯಲ್ಲಿ, ತೆರಿಗೆ ಸಲಹೆಗಾರರ ಬಳಿ ಎಕ್ಸೆಲ್ ಇರಲೇಬೇಕು ಎನ್ನುವುದು ಶೋಕಿಗಾಗಿ ಅಲ್ಲ. ಗಡುವಿನ ಹಿಂದಿನ ರಾತ್ರಿ ಫೈಲ್ ಕೆಲಸ ಮಾಡದಿದ್ದರೆ ಆಗುವ ನಷ್ಟ ಒಂದು ವರ್ಷದ ಚಂದಾಕ್ಕಿಂತ ದೊಡ್ಡದಾಗಬಹುದು.

ಇನ್ನೊಂದು ಸಂದರ್ಭ, ಒಂದೇ ಕಡತ ಹಲವರ ಕೈ ದಾಟುವ ಕೆಲಸ. ಅನುವಾದಕರು, ವಕೀಲರು, ಪ್ರಕಾಶಕರು ತಿದ್ದುಪಡಿಗಳನ್ನು ಗುರುತು ಮಾಡಿ ಫೈಲನ್ನು ಹತ್ತು ಸಲ ಅತ್ತಿತ್ತ ಕಳಿಸುತ್ತಾರೆ. ಎದುರಿನವರೆಲ್ಲ ವರ್ಡ್ ಬಳಸುವಾಗ ನೀವೊಬ್ಬರೇ ಬೇರೆ ಬಳಸಿದರೆ, ಹನ್ನೊಂದನೆಯ ಸಲಕ್ಕೆ ಕೋಷ್ಟಕವೋ ಅಡಿಟಿಪ್ಪಣಿಯೋ ಜಾಗ ತಪ್ಪುವ ಸಾಧ್ಯತೆ ಇರುತ್ತದೆ.

ದುಡ್ಡು ಕೊಟ್ಟರೂ ಸಿಗದ ಒಂದು ವಸ್ತುವೂ ಇದೆ: ಜಾಗ್ರತೆ. ಚಂದಾದ ಜೊತೆ ಬರುವ ಒನ್‌ಡ್ರೈವ್ ನಿಮ್ಮ ಫೈಲುಗಳನ್ನು ಹೊಂದಿಸಿಡುತ್ತದೆ. ಆದರೆ ನೀವೇ ತಪ್ಪಿ ಅಳಿಸಿ, ತಿಂಗಳುಗಟ್ಟಲೆ ಗಮನಿಸದಿದ್ದರೆ ಅಲ್ಲಿಂದಲೂ ಅದು ಹೋಗುತ್ತದೆ. ಮುಖ್ಯ ಫೈಲುಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೋ ಇರಲೇಬೇಕು. ಇದು ಉಚಿತ, ಪಾವತಿ ಎರಡಕ್ಕೂ ಅನ್ವಯಿಸುವ ಮಾತು.

‘299 ರೂಪಾಯಿಗೆ ಜೀವಮಾನದ ಆಫೀಸ್’: ಇದರೊಳಗೆ ಏನಿದೆ?

ಇಂಥ ಲಿಂಕ್‌ಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಇರುತ್ತದೆ.

ಒಂದೋ, ದೊಡ್ಡ ಸಂಸ್ಥೆಗಳಿಗೆಂದು ಕೊಟ್ಟ ಪರವಾನಗಿಯ ಕೀಲಿಸಂಖ್ಯೆಯನ್ನು ಬಿಡಿಬಿಡಿಯಾಗಿ ಮಾರುವುದು. ಮೊದಲಿಗೆ ಅದು ಕೆಲಸ ಮಾಡುತ್ತದೆ. ದುರ್ಬಳಕೆ ಗೊತ್ತಾದ ಮೇಲೆ ಕಂಪನಿ ಆ ಕೀಲಿಯನ್ನು ರದ್ದು ಮಾಡುತ್ತದೆ. ಆಗ ಮಾರಿದವರ ನಂಬರ್ ಸಿಗುವುದಿಲ್ಲ.

ಇಲ್ಲವೇ, ಪರವಾನಗಿ ಪರೀಕ್ಷೆಗೆ ಮೋಸ ಮಾಡುವ ‘ಆ್ಯಕ್ಟಿವೇಟರ್’ ಕೊಡುವುದು. ಇದನ್ನು ಹಾಕುವ ಸೂಚನೆಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ: ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ.’ ಮನೆಗೆ ಬರುವವರು ‘ಮೊದಲು ನಾಯಿ ಕಟ್ಟಿಹಾಕಿ, ಬಾಗಿಲ ಬೀಗ ತೆಗೆದಿಡಿ, ನೀವು ಹೊರಗೆ ಹೋಗಿ’ ಎಂದರೆ ಒಪ್ಪುತ್ತೀರಾ? 2021ರಲ್ಲಿ ರೆಡ್ ಕ್ಯಾನರಿ ಎಂಬ ಸೈಬರ್ ಭದ್ರತಾ ಸಂಸ್ಥೆ, ಕೆಎಂಎಸ್‌ಪಿಕೋ ಎಂಬ ಜನಪ್ರಿಯ ಆ್ಯಕ್ಟಿವೇಟರ್‌ನ ಹೆಸರಿನಲ್ಲಿ ಹರಿದಾಡುತ್ತಿದ್ದ ಫೈಲುಗಳಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಇದ್ದುದನ್ನು ಬಯಲು ಮಾಡಿತು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು, ಕ್ರಿಪ್ಟೋ ಹಣದ ಖಾತೆಯ ವಿವರಗಳನ್ನು ಕದಿಯುವುದು ಅದರ ಕೆಲಸ. ನೀವು ಉಳಿಸಿದ್ದು ಕೆಲವು ಸಾವಿರ ರೂಪಾಯಿ. ಪಣಕ್ಕಿಟ್ಟದ್ದು ಬ್ಯಾಂಕ್ ಖಾತೆ.

ಕಾನೂನಿನ ಮಾತೂ ಇದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ದಂಡ ಎರಡಕ್ಕೂ ಅವಕಾಶವಿದೆ. ಉಚಿತವಾಗಿ, ಕಾನೂನುಬದ್ಧವಾಗಿ ಇಷ್ಟೊಂದು ಸಿಗುವಾಗ ಈ ಅಪಾಯ ಯಾಕೆ ಬೇಕು?

‘ಉಚಿತ ಆಫೀಸ್‌ನಿಂದ ವೈರಸ್’ ಎಂಬ ಮೊದಲ ಸಂದೇಶದ ಅರ್ಧ ಸತ್ಯ ಇರುವುದೂ ಇಲ್ಲೇ. ವೈರಸ್ ಬರುವುದು ಉಚಿತವಾದ್ದರಿಂದ ಅಲ್ಲ, ಎಲ್ಲಿಂದ ಇಳಿಸಿಕೊಂಡಿರಿ ಎಂಬುದರಿಂದ. ಲಿಬ್ರೆಆಫೀಸನ್ನೂ ಗುಂಪಿಗೆ ಬಂದ ಲಿಂಕ್‌ನಿಂದ ಇಳಿಸಬೇಡಿ. ಲಿಬ್ರೆಆಫೀಸ್ ಡಾಟ್ ಆರ್ಗ್ ಎಂಬ ವಿಳಾಸವನ್ನು ನೀವೇ ಟೈಪ್ ಮಾಡಿ. ಹಾಗೆಯೇ, ಓಪನ್‌ಆಫೀಸ್ ಎಂಬ ಹಳೆಯ ಹೆಸರು ಈಗಲೂ ಇದೆ, ಆದರೆ ಅದರ ಬೆಳವಣಿಗೆ ಬಹುತೇಕ ನಿಂತಿದೆ. 2014ರಲ್ಲಿ ಬಂದ 4.1ರ ಮೇಲೆ ಸಣ್ಣಪುಟ್ಟ ತೇಪೆಗಳಷ್ಟೇ ಬಂದಿವೆ. ಡಾಕ್‌ಎಕ್ಸ್ ಆಗಿ ಉಳಿಸಲು ಅದಕ್ಕೆ ಬರುವುದಿಲ್ಲ. ಹೊಸದಾಗಿ ಹಾಕಿಕೊಳ್ಳುವವರಿಗೆ ಲಿಬ್ರೆಆಫೀಸ್ ವಾಸಿ.

ಯಾರಿಗೆ ಯಾವುದು?

ವಿದ್ಯಾರ್ಥಿಗಳಿಗೆ: ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಲಿಬ್ರೆಆಫೀಸ್, ಜೊತೆಗೆ ಗೂಗಲ್ ಡಾಕ್ಸ್. ಕಾಲೇಜಿನಿಂದ ಇಮೇಲ್ ವಿಳಾಸ ಕೊಟ್ಟಿದ್ದರೆ ಮೈಕ್ರೋಸಾಫ್ಟ್‌ನ ಶಿಕ್ಷಣ ಯೋಜನೆಯಲ್ಲಿ ಉಚಿತ ಸೌಲಭ್ಯ ಇದೆಯೇ ಎಂದು ಕೇಳಿ.

ಫೋನಿನಲ್ಲೇ ಕೆಲಸ ಮಾಡುವವರಿಗೆ: ಗೂಗಲ್ ಡಾಕ್ಸ್ ಅಥವಾ ಮೈಕ್ರೋಸಾಫ್ಟ್‌ನ ಉಚಿತ ಆ್ಯಪ್. ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದು ಬರಹವಾಗುತ್ತದೆ. ಆ್ಯಪ್ ಹಾಕಿಕೊಳ್ಳುವುದು ಪ್ಲೇ ಸ್ಟೋರ್‌ನಿಂದ ಮಾತ್ರ. ‘ಪ್ರೀಮಿಯಂ ಎಪಿಕೆ’ ಎಂದು ಬಂದ ಫೈಲನ್ನು ಮುಟ್ಟಬೇಡಿ.

ಸಣ್ಣ ಅಂಗಡಿ, ಸಂಘ ಸಂಸ್ಥೆಗಳಿಗೆ: ಪತ್ರ, ಪಟ್ಟಿ, ರಸೀದಿಗೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಇಬ್ಬರು ಮೂವರು ಒಂದೇ ಪಟ್ಟಿಯನ್ನು ಏಕಕಾಲದಲ್ಲಿ ತಿದ್ದಬೇಕಾದರೆ ಗೂಗಲ್ ಶೀಟ್ಸ್ ಅಥವಾ ಝೋಹೊ ಶೀಟ್ ಅನುಕೂಲ. ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಇರುವ ಪಟ್ಟಿಯನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಇಡಬೇಡಿ. ಹೆಸರು ಹೆಸರಾಗಿ ಅನುಮತಿ ಕೊಡಿ.

ಲೆಕ್ಕಪತ್ರವೇ ವೃತ್ತಿಯಾದವರಿಗೆ: ಎಕ್ಸೆಲ್ ಕೊಳ್ಳಿ. ಕಚೇರಿಯಲ್ಲಿ ಐದು ಕಂಪ್ಯೂಟರ್ ಇದ್ದರೆ ಐದಕ್ಕೂ ಬೇಕೆಂದಿಲ್ಲ. ಮ್ಯಾಕ್ರೋ ಕೆಲಸ ನಡೆಯುವ ಕಂಪ್ಯೂಟರಿಗೆ ಪಾವತಿ ಪ್ರತಿ, ಪತ್ರ ಟೈಪಿಸುವ ಕಂಪ್ಯೂಟರಿಗೆ ಉಚಿತ ಪ್ರತಿ ಎಂದು ಹಂಚಿಕೊಂಡರೆ ಖರ್ಚು ಅಷ್ಟರಮಟ್ಟಿಗೆ ಇಳಿಯುತ್ತದೆ.

ಖರ್ಚಿನ ಲೆಕ್ಕ ಹಾಕುವಾಗ ಐದು ವರ್ಷದ್ದು ಹಾಕಿ. ಚಂದಾ ವರ್ಷಕ್ಕೆ 5,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಐದು ವರ್ಷಕ್ಕೆ 25,000 ಆಯಿತು. ಅದನ್ನು ಮನೆಯ ನಾಲ್ವರು ಹಂಚಿಕೊಂಡರೆ ತಲೆಗೆ ವರ್ಷಕ್ಕೆ 1,250. ಒಬ್ಬರೇ, ತಿಂಗಳಿಗೆ ಎರಡು ಪತ್ರ ಬರೆಯುವವರಾದರೆ ಒಂದು ಪತ್ರಕ್ಕೆ 200 ರೂಪಾಯಿಗೂ ಮೀರಿತು. ಇಂದಿನ ನಿಜವಾದ ಬೆಲೆಯನ್ನು ಕಂಪನಿಯ ಜಾಲತಾಣದಲ್ಲೇ ನೋಡಿ ಈ ಲೆಕ್ಕ ಮಾಡಿ.

ದೊಡ್ಡವರು ಬದಲಾಯಿಸಿದಾಗ ಏನಾಯಿತು?

ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೋಗಲು ನಿರ್ಧರಿಸಿ, ಹತ್ತು ವರ್ಷಗಳಲ್ಲಿ ಸುಮಾರು 15,000 ಕಂಪ್ಯೂಟರುಗಳನ್ನು ಬದಲಾಯಿಸಿತು. 2017ರಲ್ಲಿ ಅಲ್ಲಿನ ಆಡಳಿತ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಹೊರಗಿನವರ ಜೊತೆ ಫೈಲ್ ವಿನಿಮಯದ ತೊಡಕು ಅಲ್ಲಿನ ದೂರುಗಳಲ್ಲಿ ಒಂದಾಗಿತ್ತು. ಆದರೆ ಅದೇ ದೇಶದ ಶ್ಲೆಸ್‌ವಿಗ್ ಹೋಲ್‌ಸ್ಟೈನ್ ರಾಜ್ಯ ಸರ್ಕಾರ 2024ರಲ್ಲಿ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ಒಯ್ಯುವುದಾಗಿ ಪ್ರಕಟಿಸಿತು.

ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ನಡೆಯುತ್ತಿದೆ. ಮಕ್ಕಳು ಲಿಬ್ರೆಆಫೀಸ್‌ನಲ್ಲೇ ಕಲಿಯುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಅವರು ತಮ್ಮ ಕಡತ, ಲೆಕ್ಕದ ಹಾಳೆ, ಸ್ಲೈಡುಗಳ ಕೆಲಸವನ್ನು ಝೋಹೊಗೆ ಬದಲಾಯಿಸುತ್ತಿರುವುದಾಗಿ ತಿಳಿಸಿದರು.

ಈ ಉದಾಹರಣೆಗಳಲ್ಲಿ ಒಂದನ್ನಷ್ಟೇ ಹೆಕ್ಕಿ ‘ನೋಡಿ, ಉಚಿತ ಸೋತಿತು’ ಎಂದೋ ‘ಗೆದ್ದಿತು’ ಎಂದೋ ಸಂದೇಶ ಹರಿಬಿಡುವುದು ಸುಲಭ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕಾಣುವುದು ಬೇರೆ. ಮ್ಯೂನಿಕ್‌ನ ನೌಕರರು ದಿನವೂ ವರ್ಡ್ ಬಳಸುವ ಹೊರಗಿನವರ ಜೊತೆ ವ್ಯವಹರಿಸಬೇಕಿತ್ತು. ಕೇರಳದ ಶಾಲೆಯಲ್ಲಿ ಮೇಷ್ಟ್ರು, ಮಕ್ಕಳು, ಪಠ್ಯಪುಸ್ತಕ ಎಲ್ಲವೂ ಒಂದೇ ತಂತ್ರಾಂಶದ ಮೇಲೆ ನಿಂತಿವೆ. ಜೊತೆಗಿರುವವರು ಏನು ಬಳಸುತ್ತಾರೆ ಎಂಬುದು ಎರಡೂ ಕಡೆ ದೊಡ್ಡ ಅಂಶವಾಗಿತ್ತು.

ಬದಲಾಯಿಸುವ ಮೊದಲು ಒಂದು ವಾರ

ಪಾವತಿಯಿಂದ ಉಚಿತಕ್ಕೆ ಹೋಗುವ ಯೋಚನೆ ಇದ್ದರೆ ಹಳೆಯದನ್ನು ತೆಗೆದುಹಾಕಬೇಡಿ. ಲಿಬ್ರೆಆಫೀಸ್ ಅದರ ಪಕ್ಕದಲ್ಲೇ ಇರಬಲ್ಲದು. ನಿಮ್ಮ ನಿಜವಾದ ಐದು ಫೈಲುಗಳ ಪ್ರತಿ ಮಾಡಿಕೊಳ್ಳಿ: ಒಂದು ಕನ್ನಡ ಪತ್ರ, ಕೋಷ್ಟಕವಿರುವ ಒಂದು ವರದಿ, ಸೂತ್ರಗಳಿರುವ ಒಂದು ಲೆಕ್ಕದ ಹಾಳೆ, ಒಂದು ಸ್ಲೈಡ್ ಕಡತ, ಹತ್ತು ವರ್ಷ ಹಳೆಯದೊಂದು. ಅವನ್ನು ಹೊಸದರಲ್ಲಿ ತೆರೆದು, ತಿದ್ದಿ, ಡಾಕ್‌ಎಕ್ಸ್ ಅಥವಾ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ. ಲೆಕ್ಕದ ಮೊತ್ತಗಳು ಮೊದಲಿನಂತೆಯೇ ಬಂದವೇ ನೋಡಿ. ನಿಮ್ಮ ಜೊತೆ ಹೆಚ್ಚು ಫೈಲ್ ವಿನಿಮಯ ಮಾಡುವ ಒಬ್ಬರಿಗೆ ಕಳಿಸಿ, ಅವರ ಕಡೆ ಹೇಗೆ ಕಂಡಿತು ಎಂದು ಕೇಳಿ. ಐದೂ ಸರಿಯಿದ್ದರೆ ಹಣ ಕಟ್ಟುವ ಅಗತ್ಯ ನಿಮಗಿಲ್ಲ. ಒಂದು ಕೆಟ್ಟರೂ, ಆ ಒಂದು ಫೈಲ್ ನಿಮಗೆಷ್ಟು ಮುಖ್ಯ ಎಂಬುದು ಉತ್ತರ ಹೇಳುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಉಚಿತ ಆಫೀಸ್‌ನಲ್ಲಿ ಮಾಡಿದ ಫೈಲ್ ವರ್ಡ್‌ನಲ್ಲೂ ತೆರೆಯುತ್ತದೆ. ಪುಟ ಕದಲಿದರೆ ಮೊದಲು ಫಾಂಟ್ ನೋಡಿ. ಓದಲಷ್ಟೇ ಆದರೆ ಪಿಡಿಎಫ್ ಕಳಿಸಿ.
• ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ.
• ಮ್ಯಾಕ್ರೋ, ತೆರಿಗೆ ಕೆಲಸ, ವರ್ಡ್ ಬಳಸುವವರ ಜೊತೆ ದಿನನಿತ್ಯದ ತಿದ್ದುಪಡಿ ಇದ್ದರೆ ಪಾವತಿ ಪ್ರತಿ ಕೊಳ್ಳಿ.
• ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದೆಯೇ ಎಂದು ಮೊದಲು ನೋಡಿ.
• ‘ಆ್ಯಂಟಿವೈರಸ್ ಆಫ್ ಮಾಡಿ’ ಎನ್ನುವ ಯಾವ ಆಫೀಸ್ ಅನ್ನೂ ಹಾಕಿಕೊಳ್ಳಬೇಡಿ. ಅದು ಉಚಿತವೂ ಅಲ್ಲ, 299 ರೂಪಾಯಿಯದೂ ಅಲ್ಲ. ಅದರ ಬೆಲೆ ಆಮೇಲೆ ಗೊತ್ತಾಗುತ್ತದೆ.